ಒಂಬತ್ತನೇ ತರಗತಿಯ ಹುಡುಗರು ಹಾಡುವುದನ್ನು ಬಿಟ್ಟದ್ದೇಕೆ: ಒಂದು ಸರ್ಕಾರಿ ಪ್ರೌಢಶಾಲೆಯ ಸಂಗೀತ ತರಗತಿ, ಒಂದು ಪ್ರಕರಣ ಅಧ್ಯಯನ

ಯಾವ ಊರು, ಯಾವ ಶಾಲೆ, ಯಾವ ಕಾಲೇಜು ಎಂಬುದು ಗೊತ್ತಾಗದಂತೆ ಇಲ್ಲಿ ವಿವರಗಳನ್ನು ಬದಲಿಸಿದೆ. ಒಂದಕ್ಕಿಂತ ಹೆಚ್ಚು ತರಗತಿಗಳಲ್ಲಿ ಕಾಣುವ ಸಂಗತಿಗಳನ್ನು ಒಂದೇ ಶಾಲೆಯ ಚೌಕಟ್ಟಿಗೆ ತಂದು ಹೇಳಿದೆ, ಮಕ್ಕಳ ಸಂಖ್ಯೆಯನ್ನೂ ಅದಕ್ಕೆ ಹೊಂದಿಸಿದೆ. ಶಾಲೆಯಲ್ಲಿ ಸಂಗೀತ ಕಲಿಸಲು ಹೊರಟವರಿಗೆ ಮತ್ತು ಅಂಥವರನ್ನು ತಯಾರು ಮಾಡುವ ಕಾಲೇಜು, ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ಉದ್ದೇಶ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಎಂಟರಿಂದ ಹತ್ತರವರೆಗೆ ತರಗತಿಗಳು. ಹಿಂದೆ ಇದ್ದ ಸಂಗೀತ ಶಿಕ್ಷಕರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಉಳಿದಿತ್ತು. ಬೀರುವಿನಲ್ಲಿ ಒಂದು ಹಾರ್ಮೋನಿಯಂ, ಎಂಟು ಜೊತೆ ತಾಳ, ಒಂದು ಜೊತೆ ತಬಲಾ. ತಬಲಾದ ಜೊತೆಯ ಎಡಗಡೆಯ ವಾದ್ಯವಾದ ಡಗ್ಗಾದ ಚರ್ಮವನ್ನು ಇಲಿ ಕಡಿದಿತ್ತು.

ಹಾಗೆಂದು ಅದು ಸಂಗೀತವಿಲ್ಲದ ಊರಲ್ಲ. ಸೋಮವಾರ ಗುಡಿಯಲ್ಲಿ ಭಜನೆ, ಮೊಹರಂಗೆ ಹೆಜ್ಜೆಮೇಳ, ಜಾತ್ರೆಗೆ ಡೊಳ್ಳು ಎಲ್ಲವೂ ಇದ್ದವು. ಇದೇ ಶಾಲೆಯ ಹುಡುಗರು ಜಾತ್ರೆಯ ದಿನ ಡೊಳ್ಳನ್ನು ಹೆಗಲಿಗೆ ಹಾಕಿಕೊಂಡು ಊರು ಸುತ್ತುತ್ತಿದ್ದರು. ಶಾಲೆಯೊಳಗೆ ಮಾತ್ರ ಸಂಗೀತ ಎಂದರೆ ಬೆಳಗಿನ ಪ್ರಾರ್ಥನೆ, ನಾಡಗೀತೆ ಮತ್ತು ಪ್ರತಿಭಾ ಕಾರಂಜಿ ಬಂದಾಗ ಆರಿಸಿದ ಐದಾರು ಮಕ್ಕಳ ತಾಲೀಮು.

ಹತ್ತಿರದ ನಗರದ ಪದವಿ ಕಾಲೇಜಿನಲ್ಲಿ ಹಿಂದೂಸ್ತಾನಿ ಸಂಗೀತ ವಿಭಾಗವಿದೆ. ಅಲ್ಲಿನ ಐವರು ವಿದ್ಯಾರ್ಥಿನಿಯರು ಕ್ಷೇತ್ರಕಾರ್ಯವೆಂದು ಈ ಶಾಲೆಯಲ್ಲಿ ಕಲಿಸುವುದು, ಅದಕ್ಕೆ ಅವರಿಗೆ 2 ಕ್ರೆಡಿಟ್ ಸಿಗುವುದು ಎಂದು ಒಪ್ಪಂದವಾಯಿತು. ಪ್ರಾಯೋಗಿಕ ಲೆಕ್ಕದಲ್ಲಿ 2 ಕ್ರೆಡಿಟ್ ಎಂದರೆ ವಾರಕ್ಕೆ 4 ಗಂಟೆ.

ಇಂಥ ಒಪ್ಪಂದದ ಅಗತ್ಯ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆ ಬೇಡ ಎಂದಿತು. 2023ರ ಶಾಲಾ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣವನ್ನು ಪಠ್ಯದ ಒಂದು ಕ್ಷೇತ್ರವೆಂದೇ ಎಣಿಸಿತು. ನಮ್ಮ ದ್ವಿತೀಯ ಪಿಯುಸಿ ವೇಳಾಪಟ್ಟಿಯಲ್ಲಿ ಕರ್ನಾಟಕ ಸಂಗೀತವೂ ಇದೆ, ಹಿಂದೂಸ್ತಾನಿ ಸಂಗೀತವೂ ಇದೆ. ಅದರ ಮೇಲೆ ಪದವಿ, ಸ್ನಾತಕೋತ್ತರ ಪದವಿ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯ. ಏಣಿಯ ಮೇಲಿನ ಮೆಟ್ಟಿಲುಗಳೆಲ್ಲ ಇವೆ. ಹಳ್ಳಿಯ ಹದಿಮೂರರ ಹುಡುಗ ಕಾಲಿಡಬೇಕಾದ ಕೆಳಗಿನ ಮೆಟ್ಟಿಲೇ ಇಲ್ಲ.

ಸಮಸ್ಯೆ ಕಾಣಿಸಿಕೊಂಡದ್ದು

ಜೂನ್ ಕೊನೆಯ ವಾರ ತರಗತಿ ಆರಂಭವಾಯಿತು. ಒಂಬತ್ತನೇ ತರಗತಿಯಲ್ಲಿ ಎರಡು ವಿಭಾಗ (ಸೆಕ್ಷನ್) ಸೇರಿ 44 ಮಕ್ಕಳು: 21 ಹುಡುಗಿಯರು, 23 ಹುಡುಗರು. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್. ವಿದ್ಯಾರ್ಥಿನಿಯರು ತಮ್ಮ ಕಂಠಕ್ಕೆ ಒಗ್ಗಿದ ಕರಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯಲ್ಲಿ, ಷಡ್ಜ (ಸಾ) ಹಿಡಿದು, ಭೂಪ ರಾಗದ ಆರೋಹ ಅವರೋಹದಿಂದ (ಸ್ವರಗಳ ಏರಿಕೆ ಇಳಿಕೆ) ಶುರು ಮಾಡಿದರು. ಐದೇ ಸ್ವರ, ಸಾ ರೇ ಗ ಪ ಧ. ಮಕ್ಕಳಿಗೆ ಸುಲಭವೆಂಬ ಲೆಕ್ಕಾಚಾರ ಸರಿಯೇ ಇತ್ತು.

ಮೂರನೇ ವಾರಕ್ಕೆ ತರಗತಿ ಎರಡಾಯಿತು. ಮುಂದಿನ ಸಾಲಿನ ಹುಡುಗಿಯರು ಹಾಡುತ್ತಿದ್ದರು. ಹಿಂದಿನ ಸಾಲಿನ ಹುಡುಗರಲ್ಲಿ ಕೆಲವರು ಬಾಯಿ ಆಡಿಸುತ್ತಿದ್ದರು ಅಷ್ಟೇ. ಕೆಲವರು ತಾರ ಷಡ್ಜ (ಮೇಲಿನ ಸಾ) ಬಂದಾಗ ಬೇಕೆಂದೇ ಕಿರುಚಿ ನಗುತ್ತಿದ್ದರು. ಇನ್ನು ಕೆಲವರು ಹಾಡುತ್ತಿದ್ದರೂ ಸ್ವರ ಸೇರುತ್ತಿರಲಿಲ್ಲ. ವಿದ್ಯಾರ್ಥಿನಿಯರು ತಮ್ಮ ದಿನಚರಿ ಪುಸ್ತಕದಲ್ಲಿ ‘ಹುಡುಗರಿಗೆ ಆಸಕ್ತಿ ಇಲ್ಲ, ಶಿಸ್ತು ಇಲ್ಲ’ ಎಂದು ಬರೆದರು. ಶಾಲೆಯ ಶಿಕ್ಷಕರೂ ಅದನ್ನೇ ಹೇಳಿದರು.

ಈ ತೀರ್ಮಾನದಿಂದಲೇ ಮೊದಲ ಎರಡು ತಪ್ಪುಗಳು ಹುಟ್ಟಿದವು.

ಒಂದು, ಪ್ರತಿಭಾ ಕಾರಂಜಿ ಹತ್ತಿರ ಬಂದಿತ್ತು. ಚೆನ್ನಾಗಿ ಹಾಡುವ ಆರು ಹುಡುಗಿಯರನ್ನು ಆರಿಸಿ ತರಗತಿಯ ಪೀರಿಯಡ್‌ನಲ್ಲೇ ತಾಲೀಮು ಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಒಪ್ಪಿಕೊಂಡರು. ಮೂರು ವಾರ ಉಳಿದ 38 ಮಕ್ಕಳು ನೋಟ್ಸ್ ಬರೆಯುತ್ತ ಕೂತರು. ಶಾಲೆಗೆ ಬಹುಮಾನದ ಹಂಬಲ ಇರುವುದು ಸಹಜ, ಅದನ್ನು ದೂರುವಂತಿಲ್ಲ. ಆದರೆ ಎಲ್ಲರ ಪೀರಿಯಡ್ ಆರು ಜನರ ಪಾಲಾದಾಗ, ಸಂಗೀತ ನಮ್ಮದಲ್ಲ ಎಂದು ಉಳಿದವರಿಗೆ ಬಾಯಿಬಿಟ್ಟು ಹೇಳಿದಂತೆಯೇ ಆಗುತ್ತದೆ.

ಇನ್ನೊಂದು, ಆಗಸ್ಟ್ ಕೊನೆಗೆ ಒಬ್ಬೊಬ್ಬರೇ ಎದ್ದು ನಿಂತು ಭೂಪದ ಆರೋಹ ಅವರೋಹ ಹಾಡಬೇಕೆಂದು 20 ಅಂಕದ ಪರೀಕ್ಷೆ ಇಟ್ಟರು. ಹನ್ನೆರಡನೆಯವನಾಗಿ ಎದ್ದ ಹುಡುಗನ ದನಿ ಪಂಚಮ (ಪ) ದಾಟುವಾಗ ಒಡೆದು ಎರಡು ತುಂಡಾಯಿತು. ತರಗತಿಯೆಲ್ಲ ನಕ್ಕಿತು. ಮುಂದಿನ ಎರಡು ಸಂಗೀತ ಪೀರಿಯಡ್‌ಗೆ ಅವನು ಬರಲಿಲ್ಲ. ಉಳಿದ ಪೀರಿಯಡ್‌ಗಳಿಗೆಲ್ಲ ಬಂದಿದ್ದ. ಅವನೇ ಊರಿನ ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಗತ್ತು ಬದಲಿಸುವ ಹುಡುಗ.

ಆ ಗೈರುಹಾಜರಿಯನ್ನು ಗಮನಿಸಿದ್ದು ಕಾಲೇಜಿನ ಮಾರ್ಗದರ್ಶಕಿ. ಡೊಳ್ಳು ಬಿಡದ ಹುಡುಗ ಹಾಡನ್ನು ಮಾತ್ರ ಬಿಡುತ್ತಾನೆಂದರೆ ಆಸಕ್ತಿ ಇಲ್ಲವೆಂಬ ಮಾತು ಸುಳ್ಳು, ಎಂದರು ಅವರು. ಪ್ರಕರಣ ತಿರುಗಿದ್ದು ಇಲ್ಲಿ.

ನಿಜವಾಗಿ ಏನಾಗಿತ್ತು

ಹದಿಮೂರು, ಹದಿನಾಲ್ಕರ ಹುಡುಗರ ಧ್ವನಿಪೆಟ್ಟಿಗೆ ವೇಗವಾಗಿ ಬೆಳೆಯುತ್ತದೆ, ಸ್ವರತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಬದಲಾವಣೆ ಮುಗಿಯುವ ಹೊತ್ತಿಗೆ ದನಿ ಸುಮಾರು ಒಂದು ಸಪ್ತಕ, ಅಂದರೆ ಒಂದು ಸಾದಿಂದ ಇನ್ನೊಂದು ಸಾದವರೆಗಿನಷ್ಟು, ಕೆಳಗಿಳಿದಿರುತ್ತದೆ. ಹುಡುಗಿಯರ ದನಿಯೂ ಬದಲಾಗುತ್ತದೆ. ಆದರೆ ಇಳಿಯುವುದು ಎರಡು ಮೂರು ಸ್ವರಸ್ಥಾನ (ಹಾರ್ಮೋನಿಯಂನ ಮನೆ) ಮಾತ್ರ, ಅವರಲ್ಲಿ ಹೆಚ್ಚಾಗಿ ಕಾಣುವುದು ದನಿಯಲ್ಲಿ ಉಸಿರು ಬೆರೆಯುವುದು. ಇದೆಲ್ಲ ಸಂಗೀತಗಾರರಿಗೆ ಗೊತ್ತಿಲ್ಲದ್ದಲ್ಲ. ‘ಕಂಠ ಒಡೆದಿದೆ, ಸ್ವಲ್ಪ ದಿನ ತಡಿ’ ಎಂದು ಗುರುಗಳು ಶಿಷ್ಯನಿಗೆ ಹೇಳುತ್ತ ಬಂದಿದ್ದಾರೆ. ಗುರುವಿನ ಮನೆಯಲ್ಲಿ ಒಬ್ಬ ಶಿಷ್ಯನಿಗೆ ಆ ಮಾತು ನಡೆದೀತು. ಒಂದೇ ತರಗತಿಯಲ್ಲಿ ಹತ್ತೊಂಬತ್ತು ಹುಡುಗರಿಗೆ ‘ತಡಿ’ ಎಂದರೆ ಅವರು ಮತ್ತೆಂದೂ ಬರುವುದಿಲ್ಲ.

ಸೆಪ್ಟೆಂಬರ್ ಮೊದಲ ವಾರ ಎಲ್ಲ ಮಕ್ಕಳ ಕಂಠದ ವ್ಯಾಪ್ತಿ ನೋಡಿದರು. ವಿಧಾನ ಸರಳ. ಗ್ರಂಥಾಲಯದ ಕೋಣೆಗೆ ಒಬ್ಬೊಬ್ಬರನ್ನೇ ಕರೆದು, ಇಪ್ಪತ್ತರಿಂದ ಒಂದರವರೆಗೆ ಮಾಮೂಲಿ ದನಿಯಲ್ಲಿ ಹಿಂದೆ ಎಣಿಸಲು ಹೇಳುವುದು. ಹಿಂದೆ ಎಣಿಸುವಾಗ ಗಮನ ಲೆಕ್ಕದ ಮೇಲಿರುತ್ತದೆ, ದನಿಯನ್ನು ಬೇಕೆಂದು ಏರಿಸಿ ಇಳಿಸಿ ಮಾಡಲಾಗದು. ಆ ಮಾತಿನ ಸ್ವರವನ್ನು ಹಾರ್ಮೋನಿಯಂನಲ್ಲಿ ಹುಡುಕಿ, ಅಲ್ಲಿಂದ ‘ಆ’ಕಾರದಲ್ಲಿ ಒಂದೊಂದೇ ಮನೆ ಕೆಳಗಿಳಿಸುವುದು. ದನಿ ಕರಗಿದಲ್ಲಿ ಗುರುತು. ಮತ್ತೆ ಮಾತಿನ ಸ್ವರಕ್ಕೆ ಬಂದು ಮೇಲೇರಿಸುವುದು. ಒತ್ತಡ ಕಂಡಲ್ಲಿ, ಗದ್ದ ಮೇಲೆದ್ದಲ್ಲಿ ಗುರುತು. ಒಬ್ಬರಿಗೆ ಒಂದೂವರೆ ನಿಮಿಷ. 44 ಮಕ್ಕಳಿಗೆ ಎರಡು ಪೀರಿಯಡ್ ಸಾಕಾಯಿತು.

ಫಲಿತಾಂಶ ಹೀಗಿತ್ತು. 23 ಹುಡುಗರಲ್ಲಿ 4 ಜನರ ಕಂಠ ಇನ್ನೂ ಬದಲಾಗಿರಲಿಲ್ಲ, 11 ಜನರದ್ದು ನಡುವೆ ಇತ್ತು, 8 ಜನರದ್ದು ಇಳಿದು ಒಂದು ಹದಕ್ಕೆ ಬಂದಿತ್ತು.

ಈಗ ಕರಿ ನಾಲ್ಕರ ಷಡ್ಜವನ್ನು ಇಳಿದ ಕಂಠದ ಆ ಎಂಟು ಹುಡುಗರ ಕಡೆಯಿಂದ ನೋಡಬೇಕು. ಅವರ ಕಂಠ ಹೆಚ್ಚುಕಡಿಮೆ ಕೆಳಸಪ್ತಕಕ್ಕಿಂತ ಒಂದು ಮನೆ ಕೆಳಗಿನ ಬಿಳಿ ಏಳರಿಂದ ನಡುಸಪ್ತಕದ ಕರಿ ಎರಡರವರೆಗೆ ಓಡುತ್ತದೆ. ಶಿಕ್ಷಕಿಯ ಷಡ್ಜ ಹಿಡಿದರೆ ಪಂಚಮಕ್ಕೆ ದನಿ ಮುಗಿಯುತ್ತದೆ. ಸರಿ, ಒಂದು ಸಪ್ತಕ ಕೆಳಗೆ ಹಾಡೋಣವೆಂದರೆ ಆ ಕೆಳಗಿನ ಷಡ್ಜ ಅವರ ಕಂಠಕ್ಕೆ ಎಟುಕುವುದೇ ಇಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ಬಾಯಿ ಮುಚ್ಚಿ ಕೂರುವುದೇ ಆ ಹುಡುಗರಿಗೆ ಉಳಿದ ಮರ್ಯಾದೆಯ ದಾರಿ. ನಡುವಿನ ಹನ್ನೊಂದು ಜನರಿಗೆ ಧೈವತದವರೆಗೆ (ಧ) ಹೇಗೋ ಸಿಗುತ್ತಿತ್ತು, ತಾರ ಷಡ್ಜದಲ್ಲಿ ದನಿ ಒಡೆಯುತ್ತಿತ್ತು. ಕಿರುಚಿ ನಗುತ್ತಿದ್ದವರು ಇವರೇ. ಒಡೆಯುವ ಮುಂಚೆ ತಾವೇ ತಮಾಷೆ ಮಾಡಿಬಿಟ್ಟರೆ ಅವಮಾನ ಕಡಿಮೆ.

ಬೇಸೂರು ಎನಿಸಿಕೊಂಡಿದ್ದ ಮೂವರು ಹುಡುಗರನ್ನು ಬೇರೆಯಾಗಿ ಕೇಳಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಅವರು ತಪ್ಪು ಸ್ವರ ಹಾಡುತ್ತಿರಲಿಲ್ಲ. ಷಡ್ಜಕ್ಕೆ ಬದಲಾಗಿ ಮಂದ್ರ ಪಂಚಮದಿಂದ (ಕೆಳಗಿನ ಪ) ಶುರು ಮಾಡಿ, ಇಡೀ ಸಾಲನ್ನು ಅದೇ ಅಂತರದಲ್ಲಿ ಕೆಳಗೆ ಹಾಡುತ್ತಿದ್ದರು. ತಮ್ಮ ಕಂಠಕ್ಕೆ ಸಿಗುವ ಹತ್ತಿರದ ಸಂವಾದಿ (ಷಡ್ಜಕ್ಕೆ ಹೊಂದುವ) ಜಾಗವನ್ನು ಕಿವಿಯೇ ಹುಡುಕಿಕೊಂಡಿತ್ತು. ಅದು ಒಳ್ಳೆಯ ಕಿವಿಯ ಲಕ್ಷಣ. ಅದಕ್ಕೆ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು 20ಕ್ಕೆ 4.

ಮಾಡಿದ ಬದಲಾವಣೆ

ಷಡ್ಜವನ್ನು ಕರಿ ನಾಲ್ಕರಿಂದ ಬಿಳಿ ಒಂದಕ್ಕೆ ತಂದರು. ಇದಕ್ಕೆ ಕಾಲೇಜಿನಲ್ಲೇ ಮೊದಲು ವಿರೋಧ ಬಂತು. ಹೆಣ್ಣುಮಕ್ಕಳಿಗೆ ಬಿಳಿ ಒಂದು ಎತ್ತರವಾಗುತ್ತದೆ ಎಂಬುದು ಆಕ್ಷೇಪ. ಖಯಾಲ್ ಹಾಡುವವರಿಗೆ ಅದು ಸತ್ಯ, ಅವರಿಗೆ ತಾರಸಪ್ತಕದಲ್ಲಿ ಪಂಚಮದವರೆಗೆ ಓಡಾಟ ಬೇಕು. ತರಗತಿಯ ಹಾಡಿಗೆ ತಾರ ಷಡ್ಜ ಮುಟ್ಟಿದರೆ ಸಾಕು. ಆ ವಯಸ್ಸಿನ ಹುಡುಗಿಯರಿಗೆ ನಡುಸಪ್ತಕದ ಬಿಳಿ ಒಂದರಿಂದ ಮೇಲಿನ ಬಿಳಿ ಒಂದರವರೆಗೆ ಹಾಡುವುದು ಆರಾಮ. ಕಛೇರಿಯ ಷಡ್ಜ ಒಬ್ಬ ಗಾಯಕರಿಗೆ ಒಗ್ಗುವಂಥದ್ದು, ತರಗತಿಯ ಷಡ್ಜ ನಲವತ್ತು ಮಕ್ಕಳಿಗೆ ಒಗ್ಗುವಂಥದ್ದು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಸಂಗೀತ ಪರೀಕ್ಷೆಗೆ ತಯಾರಾಗುತ್ತಿದ್ದ ಒಬ್ಬ ಹುಡುಗಿ ಮಾತ್ರ ಮನೆಯಲ್ಲಿ ತನ್ನ ಕರಿ ನಾಲ್ಕರಲ್ಲೇ ಅಭ್ಯಾಸ ಮುಂದುವರಿಸಿದಳು.

ಬಿಳಿ ಒಂದರಲ್ಲಿ ಇಳಿದ ಕಂಠದ ಎಂಟು ಹುಡುಗರಿಗೆ ಕೆಳಗಿನ ಸಪ್ತಕ ಪೂರ್ತಿ ಸಿಕ್ಕಿತು. ಕಂಠ ಬದಲಾಗದ ನಾಲ್ವರು ಹುಡುಗಿಯರ ಜೊತೆ ಹಾಡಿದರು. ಅವರನ್ನು ಹುಡುಗಿಯರ ಸಾಲಿನಲ್ಲಿ ಕೂರಿಸಲಿಲ್ಲ, ಹುಡುಗರ ನಡುವೆಯೇ ಕೂರಿಸಿದರು. ಇದು ಸಣ್ಣ ನಿರ್ಧಾರದಂತೆ ಕಂಡರೂ, ಜಾಗ ಬದಲಿಸಿದ್ದರೆ ಆ ನಾಲ್ವರೂ ಹಾಡು ನಿಲ್ಲಿಸುತ್ತಿದ್ದರು.

ಕಷ್ಟ ನಡುವಿನ ಹನ್ನೊಂದು ಹುಡುಗರದ್ದು. ಅವರಿಗೆ ನೆಮ್ಮದಿಯಾಗಿ ಸಿಗುವುದು ಮಂದ್ರ ಪಂಚಮದಿಂದ ಮಧ್ಯ ಗಾಂಧಾರದವರೆಗೆ (ನಡುಸಪ್ತಕದ ಗ) ಮಾತ್ರ. ಆದ್ದರಿಂದ ಹಾಡನ್ನೇ ಅವರ ಸುತ್ತ ಕಟ್ಟಿದರು. ಭೂಪದಲ್ಲಿ ಒಂದು ವಚನಕ್ಕೆ ಹೊಸದಾಗಿ ಸ್ವರ ಹಾಕಿ, ಸ್ಥಾಯಿಯ (ಹಾಡಿನ ಮೊದಲ ಭಾಗದ) ಸಾಲುಗಳು ಮಂದ್ರ ಧೈವತದಿಂದ ಮಧ್ಯ ಗಾಂಧಾರದೊಳಗೆ ಮುಗಿಯುವಂತೆ ಮಾಡಿದರು. ಪಂಚಮ ಬರುವುದು ಎರಡೇ ಕಡೆ, ಅಲ್ಲಿ ಈ ಹುಡುಗರು ಗಾಂಧಾರದಲ್ಲೇ ನಿಲ್ಲಬೇಕು. ಎರಡನೆಯ ಭಾಗವಾದ ಅಂತರಾ ತಾರ ಷಡ್ಜಕ್ಕೆ ಏರುತ್ತದೆ. ಅದನ್ನು ಹುಡುಗಿಯರು ಮೇಲೆ, ಇಳಿದ ಕಂಠದವರು ಒಂದು ಸಪ್ತಕ ಕೆಳಗೆ ಹಾಡುವಾಗ ನಡುವಿನವರು ಷಡ್ಜ ಮತ್ತು ಮಂದ್ರ ಪಂಚಮವನ್ನು ತಾನಪುರದಂತೆ ಹಿಡಿದುಕೊಳ್ಳುವುದು. ಕಂಠ ದಣಿದವರು ಕೆಹರವಾ ಲಯದ ಎಂಟು ಮಾತ್ರೆಯನ್ನು ತಾಳದಲ್ಲೋ ಡೆಸ್ಕಿನ ಮೇಲೋ ಹಿಡಿಯುವುದು. ಡೊಳ್ಳಿನ ಹುಡುಗ ಮರಳಿ ಬಂದದ್ದು ಈ ಕೆಲಸಕ್ಕೆ. ಹಾಡಿಗೆ ಬರಲು ಇನ್ನೂ ಆರು ವಾರ ಬೇಕಾಯಿತು.

ಅಂದುಕೊಳ್ಳದ ಎರಡು ತೊಡಕುಗಳು ಎದುರಾದವು. ಇಳಿದ ಕಂಠದ ಹುಡುಗರಿಗೆ ತಮ್ಮ ಷಡ್ಜ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ತಾನಪುರ ಆ್ಯಪ್ ಮೊಬೈಲಿನಲ್ಲಿ ನುಡಿಯುತ್ತಿತ್ತು. ಅವರ ಷಡ್ಜ ಸುಮಾರು 130 ಹರ್ಟ್ಸ್. ಮೊಬೈಲಿನ ಪುಟ್ಟ ಸ್ಪೀಕರಿನಿಂದ ಅಷ್ಟು ತಗ್ಗಿನ ಮೂಲನಾದ ಬಹುತೇಕ ಹೊರಡುವುದೇ ಇಲ್ಲ, ಮೇಲಿನ ಉಪನಾದಗಳಷ್ಟೇ ಕೇಳುತ್ತವೆ. ಜೊತೆಗೆ ಕಲಿಸುವವರೆಲ್ಲ ಹೆಣ್ಣುಮಕ್ಕಳು, ಅನುಕರಿಸಲು ಗಂಡುದನಿ ಇರಲಿಲ್ಲ. ಪ್ರಾರ್ಥನೆಗೆ ಇಟ್ಟಿದ್ದ ದೊಡ್ಡ ಪೆಟ್ಟಿಗೆ ಸ್ಪೀಕರಿಗೆ ಮೊಬೈಲ್ ಜೋಡಿಸಿ, ಹಾರ್ಮೋನಿಯಂನ ಎಡಗಡೆಯ ಸಪ್ತಕವನ್ನೂ ಸೇರಿಸಿ ನುಡಿಸಿದ ದಿನವೇ ಎಂಟರಲ್ಲಿ ಆರು ಹುಡುಗರು ಷಡ್ಜಕ್ಕೆ ಕೂತರು.

ಎರಡನೆಯದು, ಹಳೆಯ ಹಾರ್ಮೋನಿಯಂ ಆ್ಯಪ್‌ಗಿಂತ ಸುಮಾರು 25 ಸೆಂಟ್ ಮೇಲಿತ್ತು, ಅಂದರೆ ಒಂದು ಸ್ವರಸ್ಥಾನದ ಕಾಲುಭಾಗ. ಎರಡನ್ನೂ ಒಟ್ಟಿಗೆ ಬಿಟ್ಟರೆ ನಾದ ಅಲೆ ಅಲೆಯಾಗಿ ಕೇಳುತ್ತದೆ, ಮಕ್ಕಳ ಕಿವಿ ಗೊಂದಲಕ್ಕೆ ಬೀಳುತ್ತದೆ. ಹಾರ್ಮೋನಿಯಂ ರೀಡನ್ನು ತಿದ್ದಿಸಲು ಸಮಯ, ಹಣ ಎರಡೂ ಬೇಕು. ಆ್ಯಪ್‌ನಲ್ಲಿ ಶ್ರುತಿಯನ್ನು ಸೂಕ್ಷ್ಮವಾಗಿ ಏರಿಸುವ ಸೌಲಭ್ಯ ಇದ್ದೇ ಇರುತ್ತದೆ. ಅದನ್ನು ಹಾರ್ಮೋನಿಯಂಗೆ ಹೊಂದಿಸಿ, ಅಂಕಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದರು.

ಪರೀಕ್ಷೆಯ ಕ್ರಮವನ್ನೂ ಬದಲಿಸಿದರು. ಒಬ್ಬರೇ ಎದ್ದು ಹಾಡುವುದು ನಿಂತಿತು. ಮೂವರ ಗುಂಪಿನಲ್ಲಿ ತಮ್ಮ ತಮ್ಮ ಸಪ್ತಕದ ಷಡ್ಜಕ್ಕೆ ಸೇರುವುದು, ಬೇರೆಯವರು ಹಾಡುವಾಗ ಮೂರು ಆವರ್ತನ ತಪ್ಪದೆ ತಾಳ ಹಿಡಿಯುವುದು, ಕೇಳಿದ ಒಂದು ಸಾಲನ್ನು ಭಾತಖಂಡೆ ಸ್ವರಲಿಪಿ ಪದ್ಧತಿಯಲ್ಲಿ ಬರೆಯುವುದು, ಮನೆಯಲ್ಲೋ ಊರಲ್ಲೋ ಕೇಳಿದ ಒಂದು ಹಾಡಿನ ಬಗ್ಗೆ ಅರ್ಧ ಪುಟ ಬರೆಯುವುದು. ನಾಲ್ಕಕ್ಕೂ ತಲಾ 5 ಅಂಕ. ಅರ್ಧ ಪುಟದ ಬರಹಗಳಲ್ಲಿ ಅಜ್ಜಿಯ ಸೋಬಾನೆ ಪದ, ಶಿಶುನಾಳ ಷರೀಫರ ತತ್ವಪದ, ಬೀಸುಕಲ್ಲಿನ ಪದಗಳೆಲ್ಲ ಬಂದವು. ಎರಡನೆಯ ವರ್ಷದ ಪಾಠಕ್ಕೆ ಅರ್ಧದಷ್ಟು ಹಾಡುಗಳು ಸಿಕ್ಕಿದ್ದು ಅಲ್ಲಿಂದಲೇ.

ವಿದ್ಯಾರ್ಥಿನಿಯರು ಇಲ್ಲದ ನಾಲ್ಕು ವಾರ

ಕಾಲೇಜಿನ ಸೆಮಿಸ್ಟರ್ ಪರೀಕ್ಷೆ ಬಂದಾಗ ನಾಲ್ಕು ವಾರ ಶಾಲೆಗೆ ಬರುವವರಿಲ್ಲ. ಕಾಲೇಜು ಮತ್ತು ಶಾಲೆಯ ಇಂಥ ಜೋಡಣೆಗಳು ಮುರಿಯುವುದು ಸಾಮಾನ್ಯವಾಗಿ ಇಲ್ಲೇ. ಈ ಬಾರಿ ಎರಡು ವಿಭಾಗಗಳ ತರಗತಿ ಶಿಕ್ಷಕರು, ಒಬ್ಬರು ಗಣಿತದವರು, ಇನ್ನೊಬ್ಬರು ಸಮಾಜ ವಿಜ್ಞಾನದವರು, ವಾರಕ್ಕೆ ಎರಡು ಸಲ 20 ನಿಮಿಷ ತಾವೇ ನಡೆಸುತ್ತೇವೆಂದರು. ಇಬ್ಬರಿಗೂ ಹಾಡು ಬರುತ್ತಿರಲಿಲ್ಲ. ಅವರಿಗಾಗಿ ಒಂದು ಕಾರ್ಡ್ ತಯಾರಾಯಿತು: ತಾನಪುರ ಹಾಕಿ ಎರಡು ನಿಮಿಷ ಸುಮ್ಮನೆ ಕೇಳಿಸಿ, ಮೂರು ನಿಮಿಷ ಷಡ್ಜ, ನಂತರ ಐದು ಅಲಂಕಾರ (ಸ್ವರಾಭ್ಯಾಸದ ಸಾಲು), ಕೊನೆಗೆ ಸ್ಥಾಯಿ.

ಗಣಿತದ ಶಿಕ್ಷಕರ ವಿಭಾಗ ನಾಲ್ಕು ವಾರದ ನಂತರವೂ ಹಾಗೆಯೇ ಉಳಿದಿತ್ತು, ತಾಳದಲ್ಲಂತೂ ಮೊದಲಿಗಿಂತ ಗಟ್ಟಿಯಾಗಿತ್ತು. ಇನ್ನೊಂದು ವಿಭಾಗ ಎರಡೇ ವಾರದಲ್ಲಿ ಹಿಂದೆ ಬಿತ್ತು. ಶಿಕ್ಷಕರು ಪ್ರೀತಿಯಿಂದಲೇ ‘ಜೋರಾಗಿ ಹಾಡ್ರಿ, ಕೇಳಸ್ತಿಲ್ಲ’ ಎಂದಿದ್ದರು. ಜೋರು ಮಾಡಿದಾಗ ಕಂಠ ಬದಲಾಗುತ್ತಿರುವ ಹುಡುಗರ ಗಂಟಲು ಬಿಗಿದು, ದನಿ ಒಡೆದು, ಮತ್ತೆ ನಗು ಶುರುವಾಯಿತು. ಕಾರ್ಡ್ ಬರೆದವರು ಏನು ಮಾಡಬೇಕೆಂದು ಬರೆದಿದ್ದರು, ಏನು ಮಾಡಬಾರದೆಂದು ಬರೆದಿರಲಿಲ್ಲ. ಈಗ ಕಾರ್ಡಿನ ಮೊದಲ ಸಾಲೇ ಹೀಗಿದೆ: ಪಕ್ಕದವರ ದನಿ ಕೇಳುವಷ್ಟು ಮೆಲ್ಲಗೆ ಹಾಡಿ.

ಕಾಲೇಜಿನ ಕಡೆ ಆದದ್ದು

ಈ ಪ್ರಕರಣದಿಂದ ಶಾಲೆಗಿಂತ ಕಾಲೇಜು ಹೆಚ್ಚು ಕಲಿತಿತೆಂದರೆ ತಪ್ಪಲ್ಲ. ಆ ಐವರು ವಿದ್ಯಾರ್ಥಿನಿಯರು ಚೆನ್ನಾಗಿ ಹಾಡುವವರು. ಯಮನ್ ರಾಗ ಹಿಡಿದರೆ ಅರ್ಧ ಗಂಟೆ ವಿಸ್ತರಿಸಬಲ್ಲರು. ಆದರೆ ಮಕ್ಕಳ ಕಂಠ ಎಷ್ಟು ಸ್ವರ ಓಡುತ್ತದೆ, ನಲವತ್ತು ಜನರಿಗೆ ಷಡ್ಜ ಹೇಗೆ ಆರಿಸಬೇಕು, ಒಂದೇ ಹಾಡನ್ನು ಮೂರು ಬಗೆಯ ಕಂಠಕ್ಕೆ ಹೇಗೆ ಹಂಚಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅವರ ಇಡೀ ತರಬೇತಿ ಒಬ್ಬರೇ ವೇದಿಕೆಯ ಮೇಲೆ ಕೂತು ಹಾಡುವುದಕ್ಕೆ. ಸಂಗೀತ ಪದವಿ ಪಡೆದವರಲ್ಲಿ ಹೆಚ್ಚಿನವರ ಬದುಕು ಸಾಗುವುದು ಕಲಿಸುವುದರಿಂದ, ಹಾಗಿದ್ದೂ ತರಗತಿಯಲ್ಲಿ ಕಲಿಸುವ ವಿದ್ಯೆಗೆ ಪಠ್ಯದಲ್ಲಿ ಜಾಗವಿಲ್ಲ. ಇದು ನೋವಿನ ವಿಷಯ, ಏಕೆಂದರೆ ಸರಿಪಡಿಸಲು ದೊಡ್ಡ ಹಣವೇನೂ ಬೇಡ. ಮಾರ್ಗದರ್ಶಕಿ ಮುಂದಿನ ತಂಡಕ್ಕೆ ಆರು ತರಗತಿಗಳ ಒಂದು ತಯಾರಿ ಸೇರಿಸಿದರು: ಕಂಠವ್ಯಾಪ್ತಿ ನೋಡುವುದು, ಎರಡು ಸಪ್ತಕಕ್ಕೆ ಹಾಡು ಹಂಚುವುದು, ಐದು ಸ್ವರದೊಳಗೆ ಸ್ಥಾಯಿ ಕಟ್ಟುವುದು, ಹಾಡು ಬಾರದ ಶಿಕ್ಷಕರಿಗೆ ಕಾರ್ಡ್ ಬರೆಯುವುದು, ಊರಿನ ಪದಗಳಿಗೆ ಸ್ವರಲಿಪಿ ಹಾಕುವುದು, ಒಬ್ಬರನ್ನೂ ಎದ್ದು ನಿಲ್ಲಿಸದೆ ಮೌಲ್ಯಮಾಪನ ಮಾಡುವುದು.

ಕ್ರೆಡಿಟ್ ವ್ಯವಸ್ಥೆಯೇ ಅಲುಗಾಡಿದ್ದು ಇನ್ನೊಂದು ಪೆಟ್ಟು. ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಚೌಕಟ್ಟು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಪತ್ರಿಕೆಗಳೆಲ್ಲ ಹೊಸದಾಗಿ ಜೋಡಣೆಯಾದಾಗ ಕ್ಷೇತ್ರಕಾರ್ಯದ 2 ಕ್ರೆಡಿಟ್‌ಗೆ ಜಾಗ ಸಿಗಲು ಒಂದು ಸೆಮಿಸ್ಟರ್ ಹಿಡಿಯಿತು. ಆ ಅವಧಿಯಲ್ಲಿ ಹೊಸ ತಂಡದ ಐವರಲ್ಲಿ ಇಬ್ಬರು ಮಾತ್ರ ಶಾಲೆಗೆ ಬಂದರು, ಬಸ್ಸಿನ ಖರ್ಚು ತಾವೇ ಹಾಕಿಕೊಂಡು.

ವರ್ಷದ ಕೊನೆಗೆ

ಫೆಬ್ರವರಿಯಲ್ಲಿ ಮತ್ತೆ ಕಂಠವ್ಯಾಪ್ತಿ ನೋಡಿದಾಗ, ನಡುವಿನ ಹನ್ನೊಂದರಲ್ಲಿ ಐವರು ಇಳಿದ ಕಂಠದ ಗುಂಪಿಗೆ ಸೇರಿದ್ದರು. ಅಂದರೆ ಸೆಪ್ಟೆಂಬರಿನ ಹಂಚಿಕೆ ಫೆಬ್ರವರಿಗೆ ಹಳತು. ಈಗ ಶಾಲೆಯಲ್ಲಿ ಜುಲೈ, ನವೆಂಬರ್, ಫೆಬ್ರವರಿ ಮೂರು ಸಲ ನೋಡುತ್ತಾರೆ. 23 ಹುಡುಗರಲ್ಲಿ 17 ಜನ ತಮ್ಮ ಸಪ್ತಕದಲ್ಲಿ ಷಡ್ಜಕ್ಕೆ ಸೇರುತ್ತಿದ್ದರು. ಉಳಿದ ಆರರಲ್ಲಿ ನಾಲ್ವರು ತಾಳದ ಕಡೆ ಗಟ್ಟಿಯಾಗಿದ್ದರು. ಇಬ್ಬರು ಕೊನೆಯವರೆಗೂ ದೂರವೇ ಉಳಿದರು.

ಬೆಳಗಿನ ನಾಡಗೀತೆಗೂ ಇದು ಹರಡಿತು. 2022ರ ಸೆಪ್ಟೆಂಬರ್‌ನ ಆದೇಶದಂತೆ ಮೈಸೂರು ಅನಂತಸ್ವಾಮಿ ಅವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡ್. ಧಾಟಿ, ಅವಧಿ ಎರಡೂ ನಿಗದಿ, ಆದರೆ ಯಾವ ಶ್ರುತಿಯಲ್ಲಿ ಎತ್ತಬೇಕೆಂಬುದು ಆಯಾ ಶಾಲೆಗೆ ಬಿಟ್ಟದ್ದು. ಇಲ್ಲಿ ಮೊದಲು ಇಬ್ಬರು ಹುಡುಗಿಯರು ಆ ದಿನ ಬಾಯಿಗೆ ಬಂದ ಎತ್ತರದಲ್ಲಿ ಎತ್ತುತ್ತಿದ್ದರು, ಹುಡುಗರ ಸಾಲು ಸುಮ್ಮನಿರುತ್ತಿತ್ತು. ಈಗ ಎತ್ತುವ ಮುಂಚೆ ಒಬ್ಬ ವಿದ್ಯಾರ್ಥಿ ಹಾರ್ಮೋನಿಯಂನಲ್ಲಿ ಎರಡೂ ಸಪ್ತಕದ ಷಡ್ಜವನ್ನು ನಾಲ್ಕು ಎಣಿಕೆ ಹಿಡಿಯುತ್ತಾನೆ. ಪ್ರತಿಭಾ ಕಾರಂಜಿ ತಾಲೀಮು ಶಾಲೆ ಬಿಟ್ಟ ಮೇಲೆ ಎಂದು ವೇಳಾಪಟ್ಟಿಯ ಕೆಳಗೆ ಬರೆದು ಮುಖ್ಯೋಪಾಧ್ಯಾಯರೇ ಸಹಿ ಹಾಕಿದ್ದಾರೆ.

ಹತ್ತನೇ ತರಗತಿಯ ಪ್ರಶ್ನೆ ಮಾತ್ರ ಬಗೆಹರಿದಿಲ್ಲ. ಆ ಮಕ್ಕಳು ಮೇಲಿನ ತರಗತಿಗೆ ಹೋದ ವರ್ಷ ಡಿಸೆಂಬರ್‌ವರೆಗೆ ವಾರಕ್ಕೊಂದು ಪೀರಿಯಡ್ ಉಳಿಯಿತು. ಜನವರಿಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತೆಗೆಂದು ಅದನ್ನು ಗಣಿತಕ್ಕೆ ಕೊಟ್ಟರು. ಹುಡುಗರಲ್ಲಿ ಹೆಚ್ಚಿನವರ ಕಂಠ ಹೊಸ ಜಾಗದಲ್ಲಿ ನೆಲೆ ನಿಲ್ಲುತ್ತಿದ್ದದ್ದು ಅದೇ ತಿಂಗಳುಗಳಲ್ಲಿ. ವಾರಕ್ಕೆ 20 ನಿಮಿಷವಾದರೂ ಉಳಿಸಿಕೊಡಿ ಎಂಬ ಮನವಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿದೆ. ಅದಕ್ಕೆ ಮೊದಲ ಸಹಿ ಹಾಕಿದವರು ಆ ಗಣಿತ ಶಿಕ್ಷಕರು.